ಕಿಲ್ಪೆಕ್‌ಗೆ ಹೋದರೆ ತಲೆ ಎತ್ತಿ ನೋಡಿ

ಇದು ಕಿಲ್ಪೆಕ್. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿರುವ ಪುಟ್ಟ ಹಳ್ಳಿ. ವೇಲ್ಸ್ ಗಡಿ ಇಲ್ಲಿಂದ ತುಂಬಾ ದೂರವಿಲ್ಲ. ಒಂದಷ್ಟು ಮನೆ, ಸುತ್ತ ಹೊಲ, ಒಂದು ಪಬ್. ಇವುಗಳ ಮಧ್ಯೆ ಸಂತ ಮೇರಿ ಮತ್ತು ಸಂತ ಡೇವಿಡ್ ಹೆಸರಿನ ಈ ಚರ್ಚು. ಕಟ್ಟಿದ್ದು 1140ರ ಆಸುಪಾಸಿನಲ್ಲಿ.

ದೂರದಿಂದ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ದೊಡ್ಡ ಗೋಪುರವೂ ಇಲ್ಲ. ಈಗ ಸೂರಿನ ಕೆಳಗೆ ನೋಡಿ. ಗೋಡೆಯ ಸುತ್ತಲೂ ಕಲ್ಲಿನ ಮುಖಗಳ ಸಾಲು! 80ಕ್ಕೂ ಜಾಸ್ತಿ ಉಳಿದಿವೆ. ನನಗೆ ತುಂಬಾ ಇಷ್ಟವಾದದ್ದು ಈ ಜೋಡಿ: ಕಿವಿ ಜೋತುಬಿದ್ದ ನಾಯಿ, ಪಕ್ಕದಲ್ಲೇ ಮೊಲ. ಬೇಟೆಯಾಡುವ ಪ್ರಾಣಿಯೂ ಅದರ ಬೇಟೆಯೂ ಹೀಗೆ ಗೆಳೆಯರ ಹಾಗೆ ಒತ್ತಿಕೊಂಡು ಕೂತಿವೆ. ಇಂದಿನ ಮಕ್ಕಳ ಪುಸ್ತಕದಲ್ಲಿ ಇಟ್ಟರೂ ಹೊಂದುತ್ತದೆ. ಇನ್ನೊಂದು ಕಡೆ ವಾದ್ಯ ನುಡಿಸುವವನಿದ್ದಾನೆ. ಕಾಲಗಲಿಸಿ ಕುಳಿತ ಹೆಂಗಸೂ ಇದ್ದಾಳೆ. ಇಂಥ ಶಿಲ್ಪಕ್ಕೆ ಶೀಲಾ ನಾ ಗಿಗ್ ಎನ್ನುತ್ತಾರೆ. ಫಲವಂತಿಕೆಯ ಗುರುತು ಅಂತ ಕೆಲವರು, ಕಾಮದ ವಿರುದ್ಧ ಎಚ್ಚರಿಕೆ ಅಂತ ಇನ್ನು ಕೆಲವರು. ಚರ್ಚಿನ ಗೋಡೆ ಮೇಲೆ ಅವಳಿಗೂ ಜಾಗ ಸಿಕ್ಕಿದೆ ಎನ್ನುವುದೇ ನನಗೆ ದೊಡ್ಡ ಸಂಗತಿ.

ಇದು ದಕ್ಷಿಣದ ಬಾಗಿಲು. ಮೇಲಿನ ಅರ್ಧಚಂದ್ರದಲ್ಲಿ ಜೀವವೃಕ್ಷ. ಕಂಬಗಳ ಮೇಲೆ ಬಳ್ಳಿಯಲ್ಲಿ ಸಿಕ್ಕಿಕೊಂಡ ಯೋಧರು, ಹಾವುಗಳು. ಕೆಂಪು ಮರಳುಗಲ್ಲಿನಲ್ಲಿ ಕೊರೆದದ್ದು. ಕೊರೆದವರ ಹೆಸರು ಎಲ್ಲೂ ಬರೆದಿಲ್ಲ. ಒಳಗೆ ಬಲಿಪೀಠದ ಕಡೆಗಿನ ಕಮಾನಿನಲ್ಲಿ ಸಂತರು ಒಬ್ಬರ ಮೇಲೊಬ್ಬರು ನಿಂತಿದ್ದಾರೆ. ಕೈಯಲ್ಲಿ ಬೀಗದ ಕೈ ಹಿಡಿದವರು ಸಂತ ಪೀಟರ್.

ಚರ್ಚಿನ ಹಿಂದಿನ ದಿಬ್ಬದ ಮೇಲೆ ಒಂದು ಕೋಟೆ ಇತ್ತು. ಈಗ ಉಳಿದಿರುವುದು ಗೋಡೆಯ ತುಂಡುಗಳು ಮಾತ್ರ.

ಇದೇ ಜಿಲ್ಲೆಯಲ್ಲಿ ಶಾಬ್ಡನ್ ಅಂತ ಇನ್ನೊಂದು ಹಳ್ಳಿ ಇದೆ. ಅಲ್ಲೂ ಇದೇ ಕಾಲದ, ಇದೇ ಶೈಲಿಯ ಚರ್ಚು ಇತ್ತು. 1750ರ ದಶಕದಲ್ಲಿ ಅದನ್ನು ಕೆಡವಿ, ಕೆತ್ತನೆಯ ಕಮಾನುಗಳನ್ನು ಅಂದಕ್ಕೆಂದು ಗುಡ್ಡದ ಮೇಲೆ ನಿಲ್ಲಿಸಿದರು. ಮೇಲೆ ಸೂರಿಲ್ಲ. ಮಳೆ ಗಾಳಿಗೆ ಸವೆದು ಹೋಗಿವೆ, ಮುಖ ಯಾವುದು ಬಳ್ಳಿ ಯಾವುದು ಗೊತ್ತಾಗುವುದೇ ಕಷ್ಟ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಿಲ್ಪೆಕ್‌ನಲ್ಲಿ ಹಾವಿನ ಮೈಮೇಲಿನ ಗೀರುಗಳೂ ಎಣಿಸುವಷ್ಟು ಸ್ಪಷ್ಟ.

ನೀವು ಆ ಕಡೆ ಹೋದರೆ ಬೈನಾಕ್ಯುಲರ್ ಇಟ್ಟುಕೊಳ್ಳಿ. ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಪೂರ್ತಿ ಸುತ್ತು ಹಾಕಿ. ಬಾಗಿಲಿನ ಕೆತ್ತನೆ ಕೈಗೆಟುಕುತ್ತದೆ, ದಯವಿಟ್ಟು ಮುಟ್ಟಬೇಡಿ.