ಸೀಟು ಹೆಚ್ಚಿತು, ಜಾಗ ಎಲ್ಲಿ?

ಕೇಳುಗರಿಗೆ ನಮಸ್ಕಾರ. ಅಡ್ಮಿಷನ್ ಶುರುವಾಯಿತೆಂದರೆ ಬೆಂಗಳೂರಿನ ಮನೆಮನೆಯಲ್ಲೂ ಕಾಲೇಜಿನದೇ ಮಾತು. ಸಿಕ್ಕವರೆಲ್ಲ ಕೇಳುವುದು ಒಂದೇ: "ಇಷ್ಟೊಂದು ಮಕ್ಕಳಿಗೆ ಸೀಟು ಕೊಟ್ಟರೆ ಡಿಗ್ರಿಗೆ ಬೆಲೆ ಎಲ್ಲಿ ಉಳಿಯುತ್ತೆ ಸಾರ್?"

ಮಕ್ಕಳು ಜಾಸ್ತಿಯಾದರೆ ಬೆಲೆ ಹೋಗುವುದಿಲ್ಲ. ಬಂದ ಮಕ್ಕಳಿಗೆ ಜಾಗ ಕೊಡದಿದ್ದರೆ ಹೋಗುತ್ತೆ. ಇವತ್ತು ನಾನು ಹೇಳುವುದು ಇಷ್ಟೇ.

ಕೇಂದ್ರ ಸರ್ಕಾರದ 2021-22ರ ಸಮೀಕ್ಷೆ ನೋಡಿ. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1106 ಕಾಲೇಜು. ದೇಶದ ಬೇರೆ ಯಾವ ಜಿಲ್ಲೆಯಲ್ಲೂ ಇಷ್ಟಿರಲಿಲ್ಲ. ಮನೆಯಲ್ಲಿ ಯಾರೂ ಓದದ ಹುಡುಗಿಗೂ ಸೀಟು ಸಿಗುತ್ತಿದೆ. ಸಂತೋಷವೇ, ಅಲ್ವಾ?

ಆದರೆ ಒಳಗೆ ಹೋಗಿ ನೋಡಬೇಕು. ಒಂದು ಕಾಲೇಜಿಗೆ ತಪಾಸಣೆಗೆ ಹೋಗಿದ್ದೆ. ಮುಂದುಗಡೆ ಥಳಥಳ ಗಾಜು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಟೈಟ್ರೇಷನ್ ನಡೆಯುತ್ತಿತ್ತು, ಅಂದರೆ ಬಣ್ಣ ಬದಲಾಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವುದು. ಹನಿ ಬಿಡುವ ನಲ್ಲಿಯಿರುವ ಅಳತೆಯ ಗಾಜಿನ ಕೊಳವೆಯೇ ಬ್ಯುರೆಟ್. ಅಂಥ ಒಂದು ಬ್ಯುರೆಟ್ಟಿಗೆ ಐದು ಮಕ್ಕಳು! ಒಬ್ಬ ನಲ್ಲಿ ತಿರುಗಿಸುತ್ತಾನೆ, ಇನ್ನೊಬ್ಬ ಫ್ಲಾಸ್ಕ್ ಅಲ್ಲಾಡಿಸುತ್ತಾನೆ. ಮಿಕ್ಕ ಮೂವರು ಹಿಂದೆ ನಿಂತು ರೀಡಿಂಗ್ ಬರೆದುಕೊಳ್ಳುತ್ತಾರೆ. ಹಿಂದಿದ್ದವಳನ್ನು ಕೇಳಿದೆ, "ಬಣ್ಣ ಯಾವಾಗ ಬದಲಾಯಿತಮ್ಮಾ?" ಪುಸ್ತಕ ನೋಡಿ "ಹನ್ನೆರಡು ಪಾಯಿಂಟ್ ನಾಲ್ಕಕ್ಕೆ ಸಾರ್" ಎಂದಳು. "ನೀನು ನೋಡಿದೆಯಾ?" "ಇಲ್ಲ ಸಾರ್, ಅವರ ತಲೆ ಅಡ್ಡ ಬರುತ್ತೆ."

ಫಿನಾಲ್ಫ್ಥಲೀನ್ ಎಂಬ ಬಣ್ಣ ತೋರಿಸುವ ಸೂಚಕ ಹಾಕಿದ ದ್ರಾವಣ ಒಂದೇ ಹನಿಗೆ ತಿಳಿ ಗುಲಾಬಿಗೆ ತಿರುಗುತ್ತೆ. ಆ ಹನಿಯನ್ನು ಕಾಣದೆಯೇ ಇವಳು ಬಿ.ಎಸ್ಸಿ. ಮುಗಿಸಬೇಕಿತ್ತು. ಮೇಷ್ಟ್ರಿಗೆ ಹೇಳಿ ಬ್ಯುರೆಟ್ಟನ್ನು ಅವಳ ಕೈಗೆ ಕೊಡಿಸಿದೆ. ಹನಿ ಬಿತ್ತು. "ಅಯ್ಯೋ, ಇಷ್ಟು ತೆಳು ಬಣ್ಣಾನಾ!" ಅಂದಳು. ಕಲಿಯೋದು ಅಂದರೆ ಅದು. ನಾಳೆ ಇಂಟರ್‌ವ್ಯೂನಲ್ಲಿ ಇಂಥ ಮಕ್ಕಳು ತಡವರಿಸಿದರೆ "ಈಗಿನ ಡಿಗ್ರಿ ಸುಮ್ನೆ" ಅಂತ ಮೂಗು ಮುರಿಯುತ್ತೇವೆ. ತಪ್ಪು ಮಕ್ಕಳದಾ? ಜಾಗ ಕೊಡದವರದು.

ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದು ಸೆಂಟ್ರಲ್ ಕಾಲೇಜಿನಲ್ಲಿ. 1973ರಲ್ಲಿ ಜ್ಞಾನಭಾರತಿಗೆ, ಸಾವಿರ ಎಕರೆಗೂ ಹೆಚ್ಚಿನ ಜಾಗಕ್ಕೆ ಹೋಯಿತು. ಎಂಥ ದೂರದೃಷ್ಟಿ! 2017ರಲ್ಲಿ ಅದು ಮೂರು ವಿಶ್ವವಿದ್ಯಾಲಯವಾಯಿತು. ಬೋರ್ಡು ಮೂರಾದರೆ ಸಾಲದು, ಲ್ಯಾಬಿನ ಟೇಬಲ್ಲೂ ಹೆಚ್ಚಬೇಕು.

ಅಪ್ಪ ಅಮ್ಮಂದಿರೇ, ಫೀಸು ಕಟ್ಟುವ ಮೊದಲು ಲ್ಯಾಬ್ ತೋರಿಸಿ ಅನ್ನಿ. ಒಂದು ಬ್ಯುರೆಟ್ಟಿಗೆ ಎಷ್ಟು ಮಕ್ಕಳು ಅಂತ ಕೇಳಿ. ಲೈಬ್ರರಿಯ ಕುರ್ಚಿ ಎಣಿಸಿ. ತೋರಿಸಲ್ಲ ಅಂದರೆ ಮುಂದಿನ ಕಾಲೇಜಿಗೆ ನಡೆಯಿರಿ. ಹಾಸ್ಟೆಲ್ಲು, ಆಟದ ಮೈದಾನದ ಬಗ್ಗೆಯೂ ಹೇಳುವುದಿತ್ತು, ಸಮಯ ಮುಗಿಯಿತು. ನಮಸ್ಕಾರ.