ವೆರಿಟಿ ಹಿಡಿದ ಕ್ಯಾಚ್

ಕೇಳುಗರಿಗೆ ನಮಸ್ಕಾರ.

1937ರ ಜನವರಿ ಕೊನೆ. ಆಸ್ಟ್ರೇಲಿಯಾದ ಅಡಿಲೇಡ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಐದು ಪಂದ್ಯಗಳ ಸರಣಿಯ ನಾಲ್ಕನೇ ಟೆಸ್ಟ್ ಶುರುವಾಗಿತ್ತು. ಮೊದಲ ಎರಡು ಪಂದ್ಯ ಇಂಗ್ಲೆಂಡ್ ಪಾಲಾಗಿದ್ದವು. ಮೂರನೆಯದನ್ನು ಆಸ್ಟ್ರೇಲಿಯಾ ಗೆದ್ದಿತ್ತು. ಇದನ್ನೂ ಸೋತರೆ ಸರಣಿ ಕೈತಪ್ಪುತ್ತಿತ್ತು. ಡಾನ್ ಬ್ರಾಡ್ಮನ್‌ಗೆ ನಾಯಕನಾಗಿ ಅದೇ ಮೊದಲ ಸರಣಿ. ಇಂಥ ಹೊತ್ತಿನಲ್ಲಿ ಯಾರಾದರೂ ಅನುಭವಸ್ಥರನ್ನೇ ಆಡಿಸುತ್ತಾರೆ, ಅಲ್ವಾ? ಆಸ್ಟ್ರೇಲಿಯಾ 20 ವರ್ಷದ ಒಬ್ಬ ಹುಡುಗನನ್ನು ಇಳಿಸಿತು. ಹೆಸರು ರಾಸ್ ಗ್ರೆಗರಿ. ಅವನಿಗೆ ಅದು ಮೊದಲ ಟೆಸ್ಟ್.

ಅವನು ಹುಟ್ಟಿದ್ದು ವಿಕ್ಟೋರಿಯಾ ರಾಜ್ಯದ ಮರ್ಚಿಸನ್ ಎಂಬ ಸಣ್ಣ ಊರಲ್ಲಿ. ಓದಿದ್ದು ಮೆಲ್ಬರ್ನ್‌ನ ವೆಸ್ಲಿ ಕಾಲೇಜಿನಲ್ಲಿ. ಶಾಲೆಯಲ್ಲಿ ಓದುತ್ತಿರುವಾಗಲೇ ವಿಕ್ಟೋರಿಯಾ ರಾಜ್ಯ ತಂಡಕ್ಕೆ ಆಡಿದವನು. ಬ್ಯಾಟಿಂಗ್ ಅವನ ಬಲ. ಜೊತೆಗೆ ಲೆಗ್ ಸ್ಪಿನ್ ಕೂಡ ಹಾಕುತ್ತಿದ್ದ.

ಅಡಿಲೇಡ್‌ನ ಮೊದಲ ಇನಿಂಗ್ಸ್‌ನಲ್ಲಿ 23 ರನ್ ಮಾಡಿ ಔಟಾದ. ಎರಡನೇ ಇನಿಂಗ್ಸ್‌ನಲ್ಲಿ ನಾಯಕನ ಜೊತೆ ನಿಂತ. ಆ ಇನಿಂಗ್ಸ್‌ನಲ್ಲಿ ಬ್ರಾಡ್ಮನ್ 212 ಹೊಡೆದ. ಅದರಲ್ಲಿ ಬೌಂಡರಿ ಬರೀ 14. ಲೆಕ್ಕ ಹಾಕಿ ನೋಡಿ. 150ಕ್ಕಿಂತ ಜಾಸ್ತಿ ರನ್ ಓಡಿಯೇ ತೆಗೆದದ್ದು. ಬ್ರಾಡ್ಮನ್ ಒಂದು ಓಡಿದರೆ ಈ ಕಡೆಯವನೂ ಒಂದು ಓಡಬೇಕು. ಬ್ರಾಡ್ಮನ್ ಎರಡು ಅಂದರೆ ಇವನೂ ಎರಡು. ಅಡಿಲೇಡ್‌ನ ಬೇಸಿಗೆ ಬಿಸಿಲು, ನೇರಕ್ಕೆ ಬಲು ದೂರದಲ್ಲಿರುವ ಬೌಂಡರಿ ಗೆರೆ. ಮೊದಲ ಟೆಸ್ಟ್ ಆಡುವ ಹುಡುಗನಿಗೆ ಅದು ಸಣ್ಣ ಕೆಲಸವಲ್ಲ. ಇಬ್ಬರೂ ಸೇರಿ ಐದನೇ ವಿಕೆಟ್‌ಗೆ 135 ರನ್ ಕೂಡಿಸಿದರು. ಸರಿಯಾಗಿ 50ಕ್ಕೆ ಗ್ರೆಗರಿ ರನ್‌ಔಟ್ ಆದ. ಆಸ್ಟ್ರೇಲಿಯಾ 148 ರನ್‌ಗಳಿಂದ ಗೆದ್ದು ಸರಣಿಯನ್ನು ಸಮ ಮಾಡಿತು.

ಕೊನೆಯ ಟೆಸ್ಟ್ ಮೆಲ್ಬರ್ನ್‌ನಲ್ಲಿ. ಅವನು ಓದಿ ಬೆಳೆದ ಊರು. ಫೆಬ್ರವರಿ 26, ಶುಕ್ರವಾರ ಪಂದ್ಯ ಶುರುವಾಯಿತು. ಬ್ರಾಡ್ಮನ್ 169, ಮೆಕೇಬ್ 112, ಬ್ಯಾಡ್‌ಕಾಕ್ 118. ಇವರ ನಡುವೆ ಗ್ರೆಗರಿಯ 80. ಒಟ್ಟು 604. ಪಂದ್ಯದ ನಡುವೆ ಬಂದ ಭಾನುವಾರ ಆಟಕ್ಕೆ ರಜೆ. ಅವತ್ತೇ ಗ್ರೆಗರಿಗೆ 21 ತುಂಬಿತು. ಆಸ್ಟ್ರೇಲಿಯಾ ಇನಿಂಗ್ಸ್ ಮತ್ತು 200 ರನ್‌ಗಳಿಂದ ಗೆದ್ದಿತು. ಮೊದಲ ಎರಡು ಟೆಸ್ಟ್ ಸೋತು, ಆಮೇಲೆ ಮೂರನ್ನೂ ಗೆದ್ದು ಸರಣಿ ತನ್ನದಾಗಿಸಿಕೊಂಡ ತಂಡ ಇವತ್ತಿಗೂ ಅದೊಂದೇ. ಆ ಮೂರು ಗೆಲುವುಗಳಲ್ಲಿ ಎರಡರಲ್ಲಿ ಈ ಹುಡುಗ ಇದ್ದ.

ಈಗ ಆ ಇನಿಂಗ್ಸ್‌ನ ಸ್ಕೋರ್‌ಕಾರ್ಡ್‌ನಲ್ಲಿ ಗ್ರೆಗರಿಯ ಸಾಲನ್ನು ಓದುತ್ತೇನೆ. ಗಮನವಿಟ್ಟು ಕೇಳಿ. ಗ್ರೆಗರಿ, ಕ್ಯಾಚ್ ವೆರಿಟಿ, ಬೌಲರ್ ಫಾರ್ನ್ಸ್, 80.

ಔಟಾದವನು, ಕ್ಯಾಚ್ ಹಿಡಿದವನು, ಬೌಲ್ ಮಾಡಿದವನು. ಮುಂದಿನ ಆರೂವರೆ ವರ್ಷದೊಳಗೆ ಈ ಮೂವರೂ ಎರಡನೇ ಮಹಾಯುದ್ಧದಲ್ಲಿ ಸತ್ತರು.

ಕೆನ್ ಫಾರ್ನ್ಸ್ ಎಸೆಕ್ಸ್ ಕೌಂಟಿಯ ವೇಗಿ. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಎದುರಾಳಿ 604 ಹೊಡೆದ ಆ ಇನಿಂಗ್ಸ್‌ನಲ್ಲೂ 96 ರನ್ ಕೊಟ್ಟು 6 ವಿಕೆಟ್ ತೆಗೆದ. ಬ್ರಾಡ್ಮನ್‌ನನ್ನು ಬೌಲ್ಡ್ ಮಾಡಿದ್ದೂ ಅವನೇ. ಯುದ್ಧ ಬಂದಾಗ ವಾಯುಪಡೆ ಸೇರಿ ಪೈಲಟ್ ಆದ. 1941ರ ಅಕ್ಟೋಬರ್ 20ರಂದು ಇಂಗ್ಲೆಂಡ್‌ನ ಚಿಪಿಂಗ್ ವಾರ್ಡನ್‌ನಲ್ಲಿ, ರಾತ್ರಿ ವಿಮಾನ ಹಾರಿಸುವ ತರಬೇತಿಯ ವೇಳೆ ವಿಮಾನ ಬಿದ್ದು ತೀರಿಕೊಂಡ. ವಯಸ್ಸು 30. ಶತ್ರುವಿನ ಮುಖವನ್ನೂ ಅವನು ನೋಡಿರಲಿಲ್ಲ.

ಹೆಡ್ಲಿ ವೆರಿಟಿ ಯಾರ್ಕ್‌ಶೈರ್‌ನ ಎಡಗೈ ಸ್ಪಿನ್ನರ್. ಬರೀ 10 ರನ್ ಕೊಟ್ಟು ಹತ್ತೂ ವಿಕೆಟ್ ಕಿತ್ತವನು. ನಮ್ಮ ದೇಶಕ್ಕೂ ಅವನು ಹೊಸಬನಲ್ಲ. 1934ರ ಮದ್ರಾಸ್ ಟೆಸ್ಟ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಭಾರತದ 7 ವಿಕೆಟ್ ಉರುಳಿಸಿದ್ದ. 1939ರ ಸೆಪ್ಟೆಂಬರ್ 1ರಂದು, ಜರ್ಮನಿ ಪೋಲೆಂಡ್ ಮೇಲೆ ನುಗ್ಗಿದ ದಿನವೇ, ಹೋವ್ ಊರಿನಲ್ಲಿ ಸಸೆಕ್ಸ್ ವಿರುದ್ಧ 9 ರನ್ನಿಗೆ 7 ವಿಕೆಟ್ ತೆಗೆದ. ಅದು ಅವನ ಕೊನೆಯ ಕೌಂಟಿ ಪಂದ್ಯ. ಸೇನೆಯಲ್ಲಿ ಕ್ಯಾಪ್ಟನ್ ಆಗಿ, 1943ರ ಜುಲೈನಲ್ಲಿ ಸಿಸಿಲಿ ದ್ವೀಪದ ಕಾಳಗದಲ್ಲಿ ಎದೆಗೆ ಏಟು ತಿಂದು ಸೆರೆ ಸಿಕ್ಕ. ಅದೇ ತಿಂಗಳ 31ರಂದು ಇಟಲಿಯ ಕಸೆರ್ಟಾದಲ್ಲಿ ಯುದ್ಧಕೈದಿಯಾಗಿ ತೀರಿಹೋದ. 38 ವರ್ಷ.

ಈ ಇಬ್ಬರ ಸಾವಿನ ನಡುವೆ ಬಂದದ್ದು ಗ್ರೆಗರಿಯ ಸಾವು. ಮೂವರಲ್ಲಿ ಅವನೇ ಚಿಕ್ಕವನು. ಉಳಿದವರಿಗೆ ತಮ್ಮ ಆಟ ಏನು ಅಂತ ತೋರಿಸಲು ಕೆಲವಾದರೂ ವರ್ಷ ಸಿಕ್ಕವು. ವೆರಿಟಿಗಂತೂ ತುಂಬು ಹತ್ತು ವರ್ಷ. ಗ್ರೆಗರಿಗೆ ಟೆಸ್ಟ್‌ನಲ್ಲಿ ಸಿಕ್ಕಿದ್ದು ಮೂರೇ ಮೂರು ಇನಿಂಗ್ಸ್. 23, 50, 80. ಏರುತ್ತಲೇ ಹೋಗಿ ಅಲ್ಲಿಗೇ ನಿಂತುಬಿಟ್ಟ ಮೂರು ಅಂಕಿ. ಸರಾಸರಿ 51.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲವನ್ನೂ ಯುದ್ಧದ ತಲೆಗೆ ಕಟ್ಟುವ ಹಾಗಿಲ್ಲ. 1938ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡ್‌ಗೆ ಹೊರಟಾಗ ಯುದ್ಧ ಇನ್ನೂ ಬಂದಿರಲಿಲ್ಲ. ಆ ಪಟ್ಟಿಯಲ್ಲಿ ಗ್ರೆಗರಿಯ ಹೆಸರೇ ಇರಲಿಲ್ಲ. ಹಿಂದಿನ ವರ್ಷ ತಾನೆ ಕೊನೆಯ ಎರಡು ಟೆಸ್ಟ್‌ನಲ್ಲಿ ಅಷ್ಟು ಚೆನ್ನಾಗಿ ಆಡಿದ ಹುಡುಗ, 22 ವರ್ಷ, ಮನೆಯಲ್ಲೇ ಉಳಿದ. ನನಗೆ ಆ ಆಯ್ಕೆ ಇವತ್ತಿಗೂ ಸರಿ ಕಾಣುವುದಿಲ್ಲ. ಆಯ್ಕೆದಾರರಿಗೆ ಅದು ಅಷ್ಟು ದೊಡ್ಡ ವಿಷಯ ಅನಿಸಿರಲಿಕ್ಕಿಲ್ಲ. ವಯಸ್ಸು ಚಿಕ್ಕದು, ಮುಂದಿನ ಸಲ ಹೋಗಬಹುದು ಎಂದು ಯಾರಿಗಾದರೂ ತೋರುತ್ತೆ. ಆ ಮುಂದಿನ ಸಲವನ್ನು ಕಿತ್ತುಕೊಂಡದ್ದು ಯುದ್ಧ. 1938ರ ಆಗಸ್ಟ್ ಆದ ಮೇಲೆ ಆಸ್ಟ್ರೇಲಿಯಾ ಮತ್ತೆ ಟೆಸ್ಟ್ ಆಡಿದ್ದು 1946ರ ಮಾರ್ಚ್‌ನಲ್ಲಿ. ಸರಿಸುಮಾರು ಏಳೂವರೆ ವರ್ಷ ಖಾಲಿ. ಒಬ್ಬ ಬ್ಯಾಟ್ಸ್‌ಮನ್ ಬಲಿತು ಹಣ್ಣಾಗುವ 22ರಿಂದ 30ರವರೆಗಿನ ವಯಸ್ಸು ಅದು.

1940ರಲ್ಲಿ ಗ್ರೆಗರಿ ಆಸ್ಟ್ರೇಲಿಯಾದ ವಾಯುಪಡೆ ಸೇರಿದ. ಪೈಲಟ್ ಆಗಿ ಅಲ್ಲ, ದಾರಿ ಲೆಕ್ಕ ಹಾಕಿ ಹೇಳುವ ಅಬ್ಸರ್ವರ್ ಆಗಿ. ಕತ್ತಲಲ್ಲಿ ವಿಮಾನ ಎಲ್ಲಿದೆ, ಎತ್ತ ತಿರುಗಬೇಕು, ಗುರಿ ಎಷ್ಟು ದೂರ ಎಂದು ನಕ್ಷೆ ಹಿಡಿದು ಲೆಕ್ಕ ಹಾಕುವ ಕೆಲಸ. ಆ ಲೆಕ್ಕ ಸ್ವಲ್ಪ ತಪ್ಪಿದರೂ ವಿಮಾನದಲ್ಲಿ ಇರುವವರೆಲ್ಲರ ಜೀವಕ್ಕೆ ಸಂಚಕಾರ. ಅವನು ದಿನಚರಿ ಬರೆಯುತ್ತಿದ್ದ. ಆ ದಿನಚರಿ ಉಳಿದುಕೊಂಡಿತು. ಅದರಿಂದಾಗಿಯೇ ಇವತ್ತು ಅವನು ನಮಗೆ ಬರೀ ಮೂರು ಅಂಕಿಯಾಗಿ ಅಲ್ಲ, ಒಬ್ಬ ಮನುಷ್ಯನಾಗಿ ಸಿಗುತ್ತಾನೆ.

ಇಂಗ್ಲೆಂಡ್‌ನಲ್ಲಿದ್ದವನನ್ನು 1942ರಲ್ಲಿ ಭಾರತಕ್ಕೆ ಕಳಿಸಿದರು. ಆಗಿನ ಪರಿಸ್ಥಿತಿ ನೆನಪಿರಲಿ. ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಸೇರಿತ್ತು. ಮೇ ಹೊತ್ತಿಗೆ ಹೆಚ್ಚುಕಮ್ಮಿ ಇಡೀ ಬರ್ಮಾ ಹೋಗಿತ್ತು. ಅಲ್ಲಿದ್ದ ಭಾರತೀಯರು ಲಕ್ಷಗಟ್ಟಲೆ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಕಾಡು ಬೆಟ್ಟ ದಾಟಿ ನಡೆದೇ ಬಂದರು. ದಾರಿಯಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ. ಬಂಗಾಳ ಮತ್ತು ಅಸ್ಸಾಂ ಒಮ್ಮೆಲೇ ಯುದ್ಧದ ಗಡಿಯಾದವು. ವೆರಿಟಿಯ ಸೇನಾ ತುಕಡಿ ಕೂಡ ಅದೇ 1942ರಲ್ಲಿ ಭಾರತಕ್ಕೆ, ರಾಂಚಿಗೆ ಬಂದಿತ್ತು. ಕ್ಯಾಚ್ ಕೊಟ್ಟವನು, ಹಿಡಿದವನು, ಇಬ್ಬರನ್ನೂ ಅದೇ ವರ್ಷ ಯುದ್ಧ ಒಂದೇ ದೇಶಕ್ಕೆ ತಂದು ಹಾಕಿತ್ತು.

1942ರ ಜೂನ್ 10. ಗ್ರೆಗರಿ ಇದ್ದ ವೆಲಿಂಗ್ಟನ್ ಬಾಂಬರ್ ಗಫರ್‌ಗಾಂವ್ ಎಂಬಲ್ಲಿ ನೆಲಕ್ಕೆ ಬಿತ್ತು. ಆಗಿನ ಬಂಗಾಳದ ಮೈಮನ್‌ಸಿಂಗ್ ಜಿಲ್ಲೆ, ಈಗ ಬಾಂಗ್ಲಾದೇಶ. ಹಳೆಯ ಎಷ್ಟೋ ಬರಹಗಳಲ್ಲಿ ಅಸ್ಸಾಂ ಅಂತ ಇದೆ, ಅದು ಸರಿಯಲ್ಲ. ಗ್ರೆಗರಿಗೆ ಆಗ 26. ಎರಡನೇ ಮಹಾಯುದ್ಧದಲ್ಲಿ ಸತ್ತ ಆಸ್ಟ್ರೇಲಿಯಾದ ಟೆಸ್ಟ್ ಆಟಗಾರ ಅವನೊಬ್ಬನೇ. ಮೊದಲ ಮಹಾಯುದ್ಧದಲ್ಲಿ ಟಿಬ್ಬಿ ಕಾಟರ್ ಎಂಬ ವೇಗಿ ಹೀಗೇ ಹೋಗಿದ್ದ, 1917ರಲ್ಲಿ ಬೀರ್‌ಶೆಬಾ ಕಾಳಗದಲ್ಲಿ.

ಬದುಕಿದ್ದರೆ ಗ್ರೆಗರಿ ಎಷ್ಟು ರನ್ ಹೊಡೆಯುತ್ತಿದ್ದ ಎಂದು ಊಹಿಸಲು ನನಗೆ ಇಷ್ಟವಿಲ್ಲ. ಆದರೆ ಅವನ ಜೊತೆಯವನೊಬ್ಬನ ಕಥೆ ಹೇಳಬಲ್ಲೆ. ಲಿಂಡ್ಸೆ ಹ್ಯಾಸೆಟ್. ಅದೇ ವಿಕ್ಟೋರಿಯಾ ತಂಡ. ಗ್ರೆಗರಿಗಿಂತ ಎರಡೂವರೆ ವರ್ಷ ದೊಡ್ಡವನು. 1938ರ ಇಂಗ್ಲೆಂಡ್ ಪ್ರವಾಸಕ್ಕೆ ಅವನ ಹೆಸರು ಬಂತು. ನಾಲ್ಕು ಟೆಸ್ಟ್ ಆಡಿದ, ಒಂದೂ ಶತಕ ಬರಲಿಲ್ಲ. ಆಮೇಲೆ ಅವನೂ ಸೈನ್ಯ ಸೇರಿದ. ಅವನದೂ ಅಷ್ಟೂ ವರ್ಷ ಹೋದವು. ಆದರೆ ಅವನು ಉಳಿದ.

1945ರ ಕೊನೆಯಲ್ಲಿ ಆಸ್ಟ್ರೇಲಿಯಾದ ಸೈನಿಕರ ಕ್ರಿಕೆಟ್ ತಂಡ ಇಂಗ್ಲೆಂಡ್‌ನಿಂದ ಊರಿಗೆ ಮರಳುತ್ತಾ ಭಾರತದಲ್ಲಿ ಇಳಿಯಿತು. ನಾಯಕ ಹ್ಯಾಸೆಟ್. ತಂಡದಲ್ಲಿ ಯುದ್ಧವಿಮಾನ ಹಾರಿಸಿ ಬದುಕಿ ಬಂದ ಕೀತ್ ಮಿಲ್ಲರ್, ಅವನೂ ಮೆಲ್ಬರ್ನ್‌ನವನೇ. ಬಾಂಬೆ, ಕಲ್ಕತ್ತಾ, ಮದ್ರಾಸ್‌ನಲ್ಲಿ ವಿಜಯ್ ಮರ್ಚಂಟ್‌ನ ಭಾರತ ತಂಡದ ವಿರುದ್ಧ ಆಡಿದರು. ಮದ್ರಾಸ್‌ನಲ್ಲಿ ರೂಸಿ ಮೋದಿ ದ್ವಿಶತಕ ಹೊಡೆದ, ಭಾರತ ಗೆದ್ದಿತು. ಗ್ರೆಗರಿ ಸತ್ತ ಬಂಗಾಳದಲ್ಲೇ, ಕಲ್ಕತ್ತಾದಲ್ಲಿ ಅವನ ಊರಿನ ಗೆಳೆಯರು ಪ್ಯಾಡ್ ಕಟ್ಟಿ ಆಡಿದರು.

ಮುಂದಿನ ವರ್ಷ ಬ್ರಿಸ್ಬೇನ್‌ನಲ್ಲಿ ಹ್ಯಾಸೆಟ್ ತನ್ನ ಮೊದಲ ಟೆಸ್ಟ್ ಶತಕ ಹೊಡೆದ. ಆಗ ಅವನಿಗೆ 33. ಆಮೇಲೆ ಆಸ್ಟ್ರೇಲಿಯಾದ ನಾಯಕನೂ ಆದ. ಒಟ್ಟು ಆಡಿದ್ದು 43 ಟೆಸ್ಟ್. ಅದರಲ್ಲಿ 39 ಯುದ್ಧ ಮುಗಿದ ಮೇಲಿನವು. ಹತ್ತು ಶತಕ, ಹತ್ತೂ ಯುದ್ಧದ ನಂತರ. ಬ್ರಿಸ್ಬೇನ್‌ನಲ್ಲಿ ಹ್ಯಾಸೆಟ್ ಆ ಮೊದಲ ಶತಕ ಹೊಡೆದಾಗ, ಇದ್ದಿದ್ದರೆ, ರಾಸ್ ಗ್ರೆಗರಿಗೆ 30 ಆಗಿರುತ್ತಿತ್ತು.

ನಮಸ್ಕಾರ.