ಗಣಿಯ ಮೇಲ್ಮಣ್ಣು: ತೆಗೆಯುವ ಹದ, ಇಡುವ ಬಗೆ

ಕೇಳುಗರಿಗೆ ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಪಾಂಡವಪುರದ ಕಡೆಯ ಒಂದು ಕಲ್ಲುಗಣಿಯ ಅಂಚಿನಲ್ಲಿ ಕಂಡ ಮಣ್ಣಿನ ರಾಶಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಗಣಿಗೆ ಕೊಡುವ ಮೊದಲು ಅದು ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲ. ಗಣಿ ಕೆಲಸ ಮುಗಿದ ಮೇಲೆ ಮತ್ತೆ ಹರಡಲೆಂದು ಅದರ ಮೇಲ್ಮಣ್ಣನ್ನು ಕೆರೆದು ಒಂದೆಡೆ ಒಟ್ಟಿದ್ದರು. ಅಷ್ಟರ ಮಟ್ಟಿಗೆ ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಆದರೆ ರಾಶಿ ಮೂರು ಆಳೆತ್ತರವಿತ್ತು. ಬುಡದಲ್ಲಿ ಜೆಸಿಬಿ ಕಡಿದ ಕಡೆ ಅದರ ಒಳಮೈ ಕಾಣುತ್ತಿತ್ತು. ಮೇಲಿನ ಒಂದೆರಡು ಅಡಿ ಬೇರು ಹೆಣೆದುಕೊಂಡ ಕೆಮ್ಮಣ್ಣು. ಅದರ ಕೆಳಗೆ ತೇವ ಹಿಡಿದು, ಬೂದಿಬಣ್ಣದ ಮಚ್ಚೆ ಬಿದ್ದ, ಹೆಂಟೆಗಟ್ಟಿದ ಮಣ್ಣು. ಒಂದು ಹಿಡಿ ತೆಗೆದು ಮೂಸಿದರೆ ಹೂಳು ತುಂಬಿದ ಚರಂಡಿಯ ವಾಸನೆ ಬಂತು.

ಮಣ್ಣು ಅಲ್ಲೇ ಇತ್ತು, ಯಾರೂ ಕದ್ದಿರಲಿಲ್ಲ. ಆದರೂ ಅದರ ಬಹುಪಾಲು ಸತ್ತಿತ್ತು. ನೆಲದ ಮೇಲಿನ ಒಂದು ಗೇಣು, ಹೆಚ್ಚೆಂದರೆ ಒಂದು ಅಡಿ ಪದರದಲ್ಲಿಯೇ ಕೊಳೆತ ಎಲೆಬೇರಿನ ಸಾರ, ಎರೆಹುಳು, ಬೇರಿಗೆ ರಂಜಕ ಒದಗಿಸುವ ಶಿಲೀಂಧ್ರದ ಎಳೆಗಳು, ಮಳೆಗೆ ಕಾದು ಮಲಗಿರುವ ಹುಲ್ಲುಗಿಡಗಳ ಬೀಜ, ಎಲ್ಲವೂ ಇರುತ್ತವೆ. ಇವಕ್ಕೆ ಗಾಳಿ ಬೇಕು. ಎತ್ತರದ ರಾಶಿಯ ಭಾರಕ್ಕೆ ನಡುವಿನ ಮಣ್ಣು ಅಮುಕಿಕೊಂಡು ಗಾಳಿಯಾಡುವ ಸಂದುಗಳು ಮುಚ್ಚುತ್ತವೆ. ಆಸರೆಯಾಗಿದ್ದ ಜೀವಂತ ಬೇರು ಇಲ್ಲದೆ ಶಿಲೀಂಧ್ರ ಕ್ಷೀಣಿಸುತ್ತದೆ. ಬೀಜಗಳು ಒಳಗೇ ಮೊಳೆತು ಮೇಲೆ ಬರಲಾರದೆ ಸಾಯುತ್ತವೆ, ಇಲ್ಲವೆ ಕೊಳೆಯುತ್ತವೆ. ತಿಪ್ಪೆಯ ಒಳಗೆ ಗೊಬ್ಬರ ಮಾಗುವ ಹಾಗೆ ಮಣ್ಣೂ ರಾಶಿಯಲ್ಲಿ ಮಾಗುತ್ತದೆ ಎಂದು ಕೆಲವರು ಭಾವಿಸಿದ್ದಾರೆ. ಅದು ತಪ್ಪು ತಿಳಿವಳಿಕೆ.

ಆದ್ದರಿಂದ ರಾಶಿಯ ಎತ್ತರ ಎರಡು ಮೀಟರಿನ ಆಸುಪಾಸಿನಲ್ಲಿರಬೇಕು, ಮೂರನ್ನಂತೂ ದಾಟಬಾರದು. ಇದಕ್ಕೆ ಎಷ್ಟು ಜಾಗ ಬೇಕು? ಒಂದು ಎಕರೆಯಿಂದ 30 ಸೆಂಟಿಮೀಟರ್ ಮಣ್ಣು ತೆಗೆದರೆ ಸುಮಾರು 1,200 ಘನ ಮೀಟರ್ ಆಗುತ್ತದೆ. ಅಗೆದ ಮಣ್ಣು ಉಬ್ಬುವುದರಿಂದ ಅದಕ್ಕೆ ಐದನೆಯ ಒಂದು ಪಾಲು ಸೇರಿಸಿಕೊಳ್ಳಬೇಕು. ಇಳಿಜಾರು ಬದಿಗಳನ್ನೂ ಲೆಕ್ಕ ಹಿಡಿದು ಸರಾಸರಿ ಒಂದೂವರೆ ಮೀಟರ್ ಎತ್ತರಕ್ಕೆ ಒಟ್ಟಿದರೆ ಹತ್ತಿರ ಹತ್ತಿರ 10 ಗುಂಟೆ ಬೇಕು. ಅಂದರೆ ಎಕರೆಗೆ ಕಾಲು ಎಕರೆ. ರಾಶಿಗಳು ಆಕಾಶಕ್ಕೆ ಏರುವುದಕ್ಕೆ ಅಜ್ಞಾನಕ್ಕಿಂತ ಈ ಲೆಕ್ಕವೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ. ಆ ಕಾಲು ಎಕರೆಯನ್ನು ಗಣಿಯ ನಕ್ಷೆಯಲ್ಲಿ ಮೊದಲೇ ಗುರುತಿಸದಿದ್ದರೆ ಆಮೇಲೆ ಅದು ಸಿಗುವುದಿಲ್ಲ.

ತೆಗೆಯುವ ಹೊತ್ತೂ ಮುಖ್ಯ. ನಮ್ಮ ರೈತರಿಗೆ ‘ಹದ’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಬೇಕು. ಉಳುವುದಕ್ಕೆ ಯಾವ ಹದವೋ ಕೆರೆಯುವುದಕ್ಕೂ ಅದೇ. ಹಸಿ ಮಣ್ಣಿನ ಮೇಲೆ ಯಂತ್ರ ಓಡಿದರೆ ಅದು ಇಟ್ಟಿಗೆಯಂತಾಗುತ್ತದೆ. ಒಣಗಿ ಪುಡಿಯಾದದ್ದು ಗಾಳಿಗೆ ಹೋಗುತ್ತದೆ. ಮೈಸೂರು, ಮಂಡ್ಯ ಸೀಮೆಯಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಮಳೆ ಜೋರಾಗುವುದರಿಂದ ಹಿಂಗಾರು ನಿಂತು ನೆಲ ಇನ್ನೂ ಒಣಗದಿರುವ ದಿನಗಳು ಈ ಕೆಲಸಕ್ಕೆ ಅನುಕೂಲ.

ಮೇಲ್ಮಣ್ಣು, ಅದರ ಕೆಳಗಿನ ಮಣ್ಣು, ಗರಸು, ಈ ಮೂರನ್ನೂ ಬೇರೆ ಬೇರೆಯಾಗಿ ಇಡಬೇಕು. ಮೈಸೂರಿನ ಬಳಿಯ ಕಡಕೊಳ, ದೊಡ್ಡಕಾನ್ಯಗಳಂಥ, ಮ್ಯಾಗ್ನಸೈಟ್ ಎಂಬ ಮೆಗ್ನೀಷಿಯಂ ಖನಿಜ ಸಿಗುವ ನೆಲದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿಯ ಕೆಳಪದರದಲ್ಲಿ ಮೆಗ್ನೀಷಿಯಂ ಮಿತಿಮೀರಿ ಸುಣ್ಣದ ಅಂಶ ಕಡಿಮೆಯಿರುವುದರಿಂದ, ಅದು ಮೇಲ್ಮಣ್ಣಿನಲ್ಲಿ ಬೆರೆತರೆ ಪೈರು ಏಳುವುದು ಕಷ್ಟ. ಕಟ್ಟಿದ ರಾಶಿಯನ್ನು ಬೋಳಾಗಿ ಬಿಡದೆ ಹುರುಳಿ, ಸೆಣಬು ಅಥವಾ ಹಸಿರುಗೊಬ್ಬರದ ಗಿಡವಾದ ಡಯಂಚ ಚೆಲ್ಲಿ ಹಸಿರು ಹೊದಿಸಬೇಕು; ಮಳೆನೀರಿಗೆ ಸುತ್ತಲೂ ಕಾಲುವೆ ತೆಗೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಕೂಡಿಡದೆ ಇರುವುದೇ ಅತ್ಯುತ್ತಮವೆಂಬುದು ನನ್ನ ಅಭಿಪ್ರಾಯ. ಹೊಸದಾಗಿ ಬಿಚ್ಚುವ ಜಾಗದ ಮಣ್ಣನ್ನು ಕೆಲಸ ಮುಗಿದ ಜಾಗಕ್ಕೆ ಅಂದೇ ಸಾಗಿಸಿದರೆ ಜೀವವೂ ಉಳಿಯುತ್ತದೆ, ಎರಡು ಬಾರಿ ತುಂಬುವ ಖರ್ಚೂ ತಪ್ಪುತ್ತದೆ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳೂ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು ನೆಲದ ಪುನಶ್ಚೇತನಕ್ಕೆ ಬಳಸಬೇಕು, ಕೂಡಲೇ ಬಳಸಲಾಗದಿದ್ದರೆ ಮಾತ್ರ ಪ್ರತ್ಯೇಕವಾಗಿ ಕೂಡಿಡಬೇಕು ಎನ್ನುತ್ತವೆ. ಕಟ್ಟಡದ ಕಲ್ಲು ಕಾನೂನಿನ ಲೆಕ್ಕದಲ್ಲಿ ಉಪಖನಿಜವಾದ್ದರಿಂದ ಅದಕ್ಕೆ ರಾಜ್ಯದ ನಿಯಮಗಳು ಬೇರೆ ಇವೆ. ಕಲ್ಲುಗಣಿಯ ಹಳ್ಳವನ್ನು ಪೂರ್ತಿ ತುಂಬುವ ಮಾತಂತೂ ಸುಳ್ಳು; ಹೋದ ಕಲ್ಲು ಮತ್ತೆಲ್ಲಿಂದ ಬರಬೇಕು? ಅಲ್ಲಿ ಈ ಮಣ್ಣು ಗಣಿಯ ಬದಿಯಲ್ಲಿ ಕಡಿದ ಮೆಟ್ಟಿಲುಗಳಿಗೆ, ಅಂಚಿಗೆ, ತ್ಯಾಜ್ಯದ ದಿಬ್ಬಗಳಿಗೆ ಸಲ್ಲಬೇಕು.

ಮರಳಿ ಹರಡುವಾಗ ಗಟ್ಟಿಯಾದ ತಳವನ್ನು ಮೊದಲು ಸೀಳಿ ಸಡಿಲಿಸಿ, ಗರಸಿನ ಮೇಲೆ ಕೆಳಮಣ್ಣು, ಅದರ ಮೇಲೆ ಮೇಲ್ಮಣ್ಣು ಹಾಕಬೇಕು. ಹರಡಿದ ಭಾಗದ ಮೇಲೆ ಚಕ್ರ ಓಡದಂತೆ ಯಂತ್ರ ಹಿಂದೆ ಸರಿಯುತ್ತಾ ಬರಬೇಕು. ರಾಶಿಯೊಳಗೆ ಕೂಡಿದ್ದ ಸಾರಜನಕ ಗಾಳಿ ತಾಗಿದೊಡನೆ ನೈಟ್ರೇಟಾಗಿ ಮಳೆಯಲ್ಲಿ ಬಸಿದುಹೋಗುವುದರಿಂದ, ಮುಂಗಾರಿಗೆ ಮುಂಚೆ ಹರಡಿ ಮೊದಲ ಮಳೆಗೇ ಬೀಜ ಬೀಳುವಂತೆ ನೋಡಿಕೊಳ್ಳಬೇಕು. ಮೊದಲೆರಡು ವರ್ಷ ಹುರುಳಿಯನ್ನೋ ಡಯಂಚವನ್ನೋ ಬೆಳೆದು ಹೂಬಿಡುವ ಹೊತ್ತಿಗೆ ಮಣ್ಣಿಗೆ ಸೇರುವಂತೆ ಅಲ್ಲಿಯೇ ಉಳಬೇಕು. ರಾಗಿಯ ಮಾತು ಆಮೇಲೆ. ನಮಸ್ಕಾರ.